ದೊಡ್ಡ ರಕ್ತನಾಳದಲ್ಲಿ ಉಬ್ಬು: ಹೆದರುವ ಮುಂಚೆ ಅಳತೆ ಕೇಳೋಣ



ಬಿ.ಪಿ., ಶುಗರ್, ರಕ್ತಹೀನತೆ ಬಗ್ಗೆ ಸಂಘದ ಸಭೆಗಳಲ್ಲಿ ನಾವು ಹಲವು ಸಲ ಮಾತಾಡಿದ್ದೇವೆ. ಈ ಸಲ ಹೆಚ್ಚಿನವರು ಹೆಸರೇ ಕೇಳಿರದ ಒಂದು ಕಾಯಿಲೆ ಬಗ್ಗೆ ತಿಳಿಯೋಣ. ಡಾಕ್ಟರುಗಳು ಇದನ್ನು 'ಅಯೋರ್ಟಿಕ್ ಅನ್ಯೂರಿಸಮ್' ಅಂತಾರೆ. ಬೇರೆ ಯಾವುದೋ ತೊಂದರೆಗೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ರಿಪೋರ್ಟಿನಲ್ಲಿ ಈ ಹೆಸರು ಕಾಣಿಸುವುದುಂಟು. ಆಗ ಕೆಲವರು ಗಾಬರಿಯಾಗಿ ಒಡವೆ ಅಡ ಇಡಲು ಓಡುತ್ತಾರೆ. ಕೆಲವರು "ನೋವೇ ಇಲ್ಲವಲ್ಲ" ಅಂತ ರಿಪೋರ್ಟನ್ನು ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುತ್ತಾರೆ. ಎರಡೂ ಸರಿಯಲ್ಲ. ಉಬ್ಬಿನ ಅಳತೆ ಎಷ್ಟು ಅಂತ ಮೊದಲು ಕೇಳಬೇಕು.

ಈ ಉಬ್ಬು ಅಂದರೇನು?

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಎಂದು ಹೆಸರು. ಅದು ಎದೆಯಿಂದ ಇಳಿದು, ಬೆನ್ನುಮೂಳೆಯ ಮುಂದೆ ಹಾದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಒಡೆದು ಕಾಲುಗಳ ಕಡೆ ಹೋಗುತ್ತದೆ. ಹಳೇ ಸೈಕಲ್ ಟ್ಯೂಬಿಗೆ ಗಾಳಿ ಹಾಕಿದಾಗ ಸವೆದ ಜಾಗ ಉಬ್ಬುತ್ತಲ್ಲ, ಹಾಗೆಯೇ ರಕ್ತದ ಒತ್ತಡಕ್ಕೆ ಈ ನಾಳದ ದುರ್ಬಲವಾದ ಜಾಗ ಉಬ್ಬಿಕೊಳ್ಳುತ್ತದೆ. ಹೊಟ್ಟೆಯ ಭಾಗದಲ್ಲಿ ಇದು ಹೆಚ್ಚು. ಅಲ್ಲಿ ನಾಳದ ಅಗಲ ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರ್. 3 ಸೆಂಟಿಮೀಟರ್ ಅಥವಾ ಹೆಚ್ಚಾದರೆ ಅದನ್ನು ಅನ್ಯೂರಿಸಮ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಯಾರಿಗೆ ಬರುತ್ತದೆ?

ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಬಿಟ್ಟು ಹಲವು ವರ್ಷವಾದವರೂ ಪೂರ್ತಿ ಪಾರಾದಂತಲ್ಲ. ಅರವತ್ತೈದು ದಾಟಿದ ಗಂಡಸರು, ಬಿ.ಪಿ. ಇರುವವರು, ತಂದೆ-ತಾಯಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದವರು ಎಚ್ಚರವಾಗಿರಬೇಕು. ಹೆಂಗಸರಿಗೆ ಬರುವುದು ಕಡಿಮೆ. ಆದರೆ ಬಂದರೆ ಸಣ್ಣ ಅಳತೆಯಲ್ಲೇ ಒಡೆಯುವ ಸಂಭವ ಇದೆ. ಹುಟ್ಟಿನಿಂದಲೇ ನಾಳ ದುರ್ಬಲವಾಗಿರುವ ಕೆಲವು ವಂಶದ ಕಾಯಿಲೆಗಳಲ್ಲಿ ಚಿಕ್ಕ ವಯಸ್ಸಿನವರಿಗೂ ಎದೆಯ ಭಾಗದಲ್ಲಿ ಉಬ್ಬು ಬರಬಹುದು. ಅಂಥ ಮನೆತನದ ಹೆಣ್ಣುಮಕ್ಕಳು ಗರ್ಭಿಣಿಯಾಗುವ ಮುಂಚೆಯೇ ಹೃದಯದ ಡಾಕ್ಟರನ್ನು ಕಾಣಬೇಕು.

ನೋವಿಲ್ಲದ ಕಾಯಿಲೆ

ಒಡೆಯುವ ತನಕ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಹೊಕ್ಕುಳಿನ ಹತ್ತಿರ ನಾಡಿ ಬಡಿದಂತೆ ಅನಿಸಬಹುದು. ಅಂಥ ಕಡೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಒತ್ತಿಸಬೇಡಿ. ಪತ್ತೆಗೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಾಕು. ಸೂಜಿಯಿಲ್ಲ, ನೋವಿಲ್ಲ. ಅರವತ್ತೈದರಿಂದ ಎಪ್ಪತ್ತೈದು ವಯಸ್ಸಿನ, ಬೀಡಿ-ಸಿಗರೇಟು ಸೇದುವ ಅಥವಾ ಹಿಂದೆ ಸೇದುತ್ತಿದ್ದ ಗಂಡಸರಿಗೆ ಒಂದು ಸಲವಾದರೂ ಈ ಪರೀಕ್ಷೆ ಒಳ್ಳೆಯದು.

ಅಳತೆ ಏನು ಹೇಳುತ್ತದೆ?

ಉಬ್ಬು ಸಣ್ಣದಿದ್ದರೆ ಆಪರೇಷನ್ ಬೇಡ. ಬೀಡಿ ಬಿಡಬೇಕು, ಬಿ.ಪಿ. ಮಾತ್ರೆ ತಪ್ಪಿಸಬಾರದು, ಡಾಕ್ಟರ್ ಹೇಳಿದ ಗಡುವಿಗೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಉಬ್ಬನ್ನು ಕರಗಿಸುವ ಮಾತ್ರೆಯಾಗಲಿ ಕಷಾಯವಾಗಲಿ ಇಲ್ಲ. ಹೊಟ್ಟೆಯ ಉಬ್ಬು ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ಮುಟ್ಟಿದರೆ, ಬೇಗ ಬೇಗ ಬೆಳೆಯುತ್ತಿದ್ದರೆ, ಅಥವಾ ನೋವು ಶುರುವಾದರೆ ಆಪರೇಷನ್ ಮಾತು ಬರುತ್ತದೆ. ಅಂದರೆ 3.5 ಎಂದು ಬಂದ ರಿಪೋರ್ಟಿಗೆ ಒಡವೆ ಅಡ ಇಡಬೇಕಿಲ್ಲ. 5.5 ಎಂದು ಬಂದರೆ "ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ" ಅಂತ ಕಾಯಬಾರದು.

ಚಿಕಿತ್ಸೆ ಎರಡು ಬಗೆ

ಒಂದು, ಹೊಟ್ಟೆ ತೆರೆದು ಉಬ್ಬಿದ ಜಾಗಕ್ಕೆ ಬಟ್ಟೆಯ ಕೊಳವೆ ಹೊಲಿಯುವುದು. ಹೌದು, ಬಟ್ಟೆಯದೇ! 1950ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಮೈಕೆಲ್ ಡಿಬೇಕಿ ಡೆಕ್ರಾನ್ ಬಟ್ಟೆ ತಂದು ಹೊಲಿಗೆ ಯಂತ್ರದಲ್ಲಿ ಇಂಥ ಕೊಳವೆ ಹೊಲಿದರು. ಹೊಲಿಗೆಯನ್ನು ಅವರು ಕಲಿತದ್ದು ತಾಯಿಯಿಂದ. ಹೊಲಿಗೆ ತರಬೇತಿ ಪಡೆದ ನಮ್ಮ ಸಹೋದರಿಯರು ಇದನ್ನು ನೆನಪಿಡಬಹುದು. 2005ರ ಕೊನೆಯಲ್ಲಿ ಅವರದೇ ಮಹಾಪಧಮನಿಯ ಒಳಪದರ ಸೀಳಿತು. 2006ರಲ್ಲಿ, 97ನೇ ವಯಸ್ಸಿನಲ್ಲಿ, ಆಪರೇಷನ್ ಆಗಿ ಬದುಕಿದರು. 2008ರಲ್ಲಿ ತೀರಿಕೊಂಡರು.

ಎರಡನೆಯದು, ತೊಡೆಸಂದಿನ ರಕ್ತನಾಳದ ಮೂಲಕ ಮಡಚಿದ ಕೊಳವೆಯನ್ನು ಒಳಗೆ ಕಳಿಸಿ, ಉಬ್ಬಿದ ಜಾಗದಲ್ಲಿ ಬಿಚ್ಚುವುದು. ಇದಕ್ಕೆ ಸ್ಟೆಂಟ್ ಗ್ರಾಫ್ಟ್ ಅಂತಾರೆ. 1990ರಲ್ಲಿ ಅರ್ಜೆಂಟೀನಾದ ಡಾಕ್ಟರ್ ಹುವಾನ್ ಪರೋಡಿ ಹೊಟ್ಟೆಯ ಉಬ್ಬಿಗೆ ಇದನ್ನು ಮಾಡಿ ತೋರಿಸಿದರು. ಗಾಯ ಸಣ್ಣದು, ಬೇಗ ಮನೆಗೆ ಬರಬಹುದು. ಆದರೆ ಕೊಳವೆ ಸರಿದಿದೆಯೋ, ರಕ್ತ ಸೋರುತ್ತಿದೆಯೋ ಎಂದು ಬದುಕಿರುವವರೆಗೂ ಸ್ಕ್ಯಾನ್ ಮಾಡಿಸುತ್ತಿರಬೇಕು. ಯಾರಿಗೆ ಯಾವುದು ಸರಿ ಎಂಬುದನ್ನು ವಯಸ್ಸು, ಮೂತ್ರಪಿಂಡ, ಉಬ್ಬಿನ ಆಕಾರ ನೋಡಿ ಡಾಕ್ಟರ್ ಹೇಳುತ್ತಾರೆ.

ಒಡೆದರೆ?

ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ಒಮ್ಮೆಲೇ ಸಹಿಸಲಾಗದ ನೋವು, ತಣ್ಣನೆ ಬೆವರು, ತಲೆಸುತ್ತು, ಪ್ರಜ್ಞೆ ತಪ್ಪುವುದು. ಇದನ್ನು ಗ್ಯಾಸ್ಟ್ರಿಕ್ ಎಂದೋ ಸೊಂಟ ಹಿಡಿದಿದೆ ಎಂದೋ ಸೋಡಾ ಕುಡಿಸುತ್ತಾ ಕೂರಬಾರದು. ಒಡೆದ ಮೇಲೆ ಹೆಚ್ಚಿನವರು ಉಳಿಯುವುದಿಲ್ಲ, ಒಂದೊಂದು ನಿಮಿಷವೂ ಮುಖ್ಯ. ಕೂಡಲೇ 108ಕ್ಕೆ ಫೋನ್ ಮಾಡಿ, ಹಳೇ ರಿಪೋರ್ಟ್ ಕೈಯಲ್ಲಿ ಹಿಡಿದು, "ಅನ್ಯೂರಿಸಮ್ ಇದೆ" ಎಂದು ಮೊದಲ ಮಾತಲ್ಲೇ ಹೇಳಿ.

ಹಣದ ಮಾತು

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕಾರ್ಡಿನವರಿಗೆ ಖರ್ಚಿನ ಒಂದು ಭಾಗ ಮಾತ್ರ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಪಡೆಯಿರಿ. ಹೇಳಿದ ಆಪರೇಷನ್ ಯೋಜನೆಯಲ್ಲಿ ಬರುತ್ತದೆಯೇ, ಆ ಆಸ್ಪತ್ರೆಯಲ್ಲಿ ಮಾಡುತ್ತಾರೆಯೇ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು ಕೇಳಿ. ಇದಾದ ಮೇಲೆ ಸಾಲದ ಯೋಚನೆ.

ಮುಂದಿನ ಸಭೆಯಲ್ಲಿ ಪ್ರತಿ ಸದಸ್ಯೆ ತನ್ನ ಮನೆಯಲ್ಲಿ ಬೀಡಿ-ಸಿಗರೇಟು ಸೇದುವ, ಬಿ.ಪಿ. ಇರುವ ಹಿರಿಯರು ಯಾರಿದ್ದಾರೆ ಎಂದು ಹೇಳಲಿ. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗೋಣ. ಗಂಡ, ಮಾವ ಅಷ್ಟೇ ಅಲ್ಲ, ನಮ್ಮ ಬಿ.ಪಿ.ಯನ್ನೂ ನೋಡಿಸಿಕೊಳ್ಳೋಣ. ದೇವರು ಕೊಟ್ಟ ಈ ಶರೀರವನ್ನು ಕಾಪಾಡುವುದೂ ಒಂದು ಉಳಿತಾಯವೇ.