ದಡಾರ ಲಸಿಕೆಯೊಳಗೊಬ್ಬ ಶಾಲಾ ಹುಡುಗ

ಶಿರಾ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುರುವಾರ, ಚುಚ್ಚುಮದ್ದಿನ ದಿನ. ಲಸಿಕೆ ಫ್ರಿಜ್ಜಿನ ಮೇಲೆ ಖಾಲಿ ರಟ್ಟಿನ ಡಬ್ಬಿ ಬಿದ್ದಿತ್ತು, ಒಳಗೆ ಮಡಿಕೆ ಮೇಲೆ ಮಡಿಕೆಯಾಗಿದ್ದ ಮಾಹಿತಿ ಚೀಟಿ. ಬಿಡಿಸಿ ಓದಿದರೆ ಇರುವೆ ಸಾಲಿನಂಥ ಅಕ್ಷರಗಳ ನಡುವೆ ‘ಎಡ್ಮನ್‌ಸ್ಟನ್–ಝಾಗ್ರೆಬ್ ತಳಿ’ ಎಂದಿತ್ತು. “ಎರಡೂ ಯಾವುದೋ ಊರಿರಬೇಕು ಸಾರ್” ಎಂದರು ಫಾರ್ಮಸಿಸ್ಟ್. ಝಾಗ್ರೆಬ್ ಊರೇ, ಕ್ರೊಯೇಷಿಯಾದ ರಾಜಧಾನಿ. ಎಡ್ಮನ್‌ಸ್ಟನ್ ಮಾತ್ರ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗ!

1954ರಲ್ಲಿ ಅಮೆರಿಕದ ಬಾಸ್ಟನ್ ಸಮೀಪದ ಫೇ ಶಾಲೆಯಲ್ಲಿ ದಡಾರ ಹಬ್ಬಿತ್ತು. ಜಾನ್ ಎಂಡರ್ಸ್ ಅವರ ಪ್ರಯೋಗಾಲಯದಲ್ಲಿದ್ದ ವೈದ್ಯ ಥಾಮಸ್ ಪೀಬಲ್ಸ್ ಅಲ್ಲಿಗೆ ಹೋಗಿ, ಮೈತುಂಬ ಗುಳ್ಳೆ ಎದ್ದಿದ್ದ ಹುಡುಗರಿಂದ ರಕ್ತ, ಗಂಟಲ ದ್ರವ ಸಂಗ್ರಹಿಸಿದರು. ಡೇವಿಡ್ ಎಡ್ಮನ್‌ಸ್ಟನ್ ಎಂಬ ಹುಡುಗನ ಮಾದರಿಯಲ್ಲಿ ವೈರಸ್ ಬೆಳೆಯಿತು. ಅದನ್ನು ಮನುಷ್ಯರ ಮೂತ್ರಪಿಂಡದ ಜೀವಕೋಶಗಳಲ್ಲಿ, ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಸೊಕ್ಕು ಇಳಿಸಿದರು. 1963ರಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು. ಝಾಗ್ರೆಬ್ಬಿನ ವಿಜ್ಞಾನಿಗಳು ಅದನ್ನು ಇನ್ನಷ್ಟು ಪಳಗಿಸಿದರು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವುದು ಆ ತಳಿಯನ್ನೇ. ಗಂಟಲಿಗೆ ಹತ್ತಿ ಹಾಕಿದ ಪೀಬಲ್ಸ್ ಹೆಸರು ತಳಿಯಲ್ಲಿಲ್ಲ, ಕಾಯಿಲೆ ಬಿದ್ದ ಹುಡುಗನ ಹೆಸರು ಉಳಿದಿದೆ. ಯಾಕೋ ನನಗಿದು ನ್ಯಾಯವೇ ಅನಿಸುತ್ತದೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಸಿಸ್ಟರ್ ಸೀಸೆ ಒಡೆಯಲು ಕೂತಿದ್ದರು. ದಡಾರ-ರುಬೆಲ್ಲಾ ಲಸಿಕೆ ಒಣಪುಡಿಯಾಗಿ ಬರುತ್ತದೆ. ಬೆರೆಸುವ ದ್ರಾವಣದ್ದು ಬೇರೆ ಸೀಸೆ. ಆ ಸೀಸೆಯ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಎರಡು ಸಲ ಓದಿಕೊಂಡರು. ಬೆರೆಸಿದ ಮೇಲೆ ಪೆನ್ನಿನಿಂದ ಹೊತ್ತು ಬರೆದರು. “ಹನ್ನೊಂದೂವರೆಗೆ ಕಲಸಿದ್ದು, ಮೂರೂವರೆ ಆದ್ಮೇಲೆ ಉಳಿದದ್ದನ್ನ ಎಸೀಬೇಕು.” ಒಂದೇ ಮಗು ಬಂದರೂ ಸೀಸೆ ಒಡೆಯಲೇಬೇಕು ಎಂಬುದು ನಿಯಮ.

ಆ ಎರಡು ಸಲದ ಓದು ಅತಿಯಾಯಿತು ಅನ್ನುವವರು ಸಮೋವಾದ ಕಥೆ ಕೇಳಬೇಕು. 2018ರಲ್ಲಿ ಆ ಪೆಸಿಫಿಕ್ ದ್ವೀಪದೇಶದಲ್ಲಿ ದಾದಿಯರು ದ್ರಾವಣದ ಬದಲು ಸ್ನಾಯು ಸಡಿಲಿಸುವ ಅವಧಿ ಮೀರಿದ ಔಷಧ ಬೆರೆಸಿಬಿಟ್ಟರು. ಎರಡು ಹಸುಳೆಗಳು ಸತ್ತವು. ತಪ್ಪು ಲಸಿಕೆಯದಲ್ಲ, ಆದರೆ ಅಪವಾದ ಅದರ ತಲೆಗೇ ಬಂತು. ಸರ್ಕಾರ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು, ಜನರ ನಂಬಿಕೆಯೂ ಹೋಯಿತು. ಮರುವರ್ಷ ದಡಾರ ಬಂದಾಗ ಸುಮಾರು ಎರಡು ಲಕ್ಷ ಜನರ ನಾಡಿನಲ್ಲಿ 83 ಮಂದಿ ತೀರಿಕೊಂಡರು, ಹೆಚ್ಚಿನವರು ಪುಟ್ಟ ಮಕ್ಕಳು. ಡಿಸೆಂಬರ್‌ನಲ್ಲಿ ಎರಡು ದಿನ ಸರ್ಕಾರಿ ಕಚೇರಿಗಳನ್ನೆಲ್ಲ ಮುಚ್ಚಿ, ಲಸಿಕೆ ಆಗದವರಿರುವ ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿಸಿದರು. ಲಸಿಕೆಯ ತಂಡ ಮನೆಮನೆಗೆ ಹೋಯಿತು.

ಯಾಕಿಷ್ಟು ಗಡಿಬಿಡಿ? ದಡಾರದಷ್ಟು ಬೇಗ ಅಂಟುವ ಕಾಯಿಲೆ ಇಲ್ಲವೆಂದೇ ಹೇಳಬೇಕು. ಲಸಿಕೆ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹರಡಬಲ್ಲದು. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲೂ ವೈರಸ್ ಎರಡು ಗಂಟೆ ಉಳಿದೀತು. ಅದಕ್ಕೇ ನೂರರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಬೇಕೆನ್ನುವುದು. ಗುಳ್ಳೆ ಮಾಯ್ದರೂ ಮುಗಿಯದು. ಬೇರೆ ರೋಗಗಳ ವಿರುದ್ಧ ದೇಹ ಕಲಿತಿದ್ದ ಪಾಠವನ್ನೂ ಇದು ಅಳಿಸುತ್ತದೆಂದು 2019ರ ಅಧ್ಯಯನಗಳು ತೋರಿಸಿವೆ. ‘ಮಕ್ಕಳಿಗೆ ಬರೋದೇ, ಹೋಗುತ್ತೆ’ ಎನ್ನುವ ಹಿರಿಯರ ಮಾತನ್ನು ನಾನಂತೂ ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲೂ ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದಡಾರದಿಂದ ಸತ್ತರು.

ನಮ್ಮಲ್ಲಿ 1985ರಿಂದ ಲಸಿಕೆಯಿದೆ; ಎರಡನೇ ಡೋಸ್ ಬಂದದ್ದು 2010ರ ನಂತರ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದದ್ದು ಬೆಂಗಳೂರಿನಿಂದಲೇ. ಆದರೂ 2022ರಲ್ಲಿ ಮುಂಬೈನ ಗೋವಂಡಿಯ ಕೊಳೆಗೇರಿಗಳಲ್ಲಿ ಮಕ್ಕಳು ಸತ್ತರು. ನಿರ್ಮೂಲನೆಯ ಗಡುವು ಮೊದಲು 2020 ಇತ್ತು, ಆಮೇಲೆ 2023, ಈಗ 2026. ಗಡುವುಗಳ ಮೇಲೆ ನನಗೆ ಅಷ್ಟಾಗಿ ಭರವಸೆಯಿಲ್ಲ. ಹೊತ್ತು ಬರೆದಿಟ್ಟುಕೊಳ್ಳುವ ಸಿಸ್ಟರ್ ಮೇಲಿದೆ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ ಆಗಿರಬೇಕು. ಎರಡನೆಯದರ ಜಾಗ ಖಾಲಿಯಿದ್ದರೆ ಮುಂದಿನ ಗುರುವಾರವೇ ಹೋಗಿ. ಐದು ವರ್ಷದವರೆಗೂ ಹಾಕುತ್ತಾರೆ, ದುಡ್ಡಿಲ್ಲ.