ಹೆಚ್‌ಪಿ ನೋಡಿ ಡ್ರೈವ್ ಕೊಳ್ಳಬೇಡಿ

ಮೋಟಾರಿನ ವೇಗ ಏರಿಸಿ ಇಳಿಸುವ ವಿಎಫ್‌ಡಿ ಬೇಕೆಂದು ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ, "ಎಷ್ಟು ಹೆಚ್‌ಪಿ?" ಹತ್ತು ಎಂದರೆ ಹತ್ತು ಹೆಚ್‌ಪಿ ಡ್ರೈವ್ ಕೈಗೆ ಬರುತ್ತದೆ. ಬಹಳಷ್ಟು ಸಲ ಇದರಿಂದ ಕೆಲಸ ನಡೆಯುವುದೂ ಉಂಟು. ಅದಕ್ಕೇ ಹೆಚ್‌ಪಿಗೆ ಹೆಚ್‌ಪಿ ಸರಿ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ನಿಂತಿದೆ.

ಆದರೆ ಡ್ರೈವ್‌ನ ಒಳಗಿರುವ ಟ್ರಾನ್ಸಿಸ್ಟರುಗಳನ್ನು ಬಿಸಿ ಮಾಡುವುದು ಹೆಚ್‌ಪಿ ಅಲ್ಲ, ಕರೆಂಟು. 415 ವೋಲ್ಟಿನ ಹತ್ತು ಹೆಚ್‌ಪಿ, ಅಂದರೆ ಏಳೂವರೆ ಕಿಲೋವ್ಯಾಟಿನ ನಾಲ್ಕು ಪೋಲ್ ಮೋಟಾರು ಪೂರ್ತಿ ಲೋಡಿನಲ್ಲಿ ಸುಮಾರು 14 ಆಂಪಿಯರ್ ಎಳೆಯುತ್ತದೆ. ಅದೇ ಹತ್ತು ಹೆಚ್‌ಪಿಯ ಎಂಟು ಪೋಲ್ ಮೋಟಾರಿಗೆ 17ರ ಆಸುಪಾಸು ಬೇಕು. ಬೋರ್‌ವೆಲ್‌ನ ಹತ್ತು ಹೆಚ್‌ಪಿ ಸಬ್‌ಮರ್ಸಿಬಲ್ ಮೋಟಾರೂ ಆ ನಾಲ್ಕು ಪೋಲ್ ಮೋಟಾರಿಗಿಂತ ಹೆಚ್ಚೇ ಎಳೆಯುತ್ತದೆ. 16 ಆಂಪಿಯರಿನ ಡ್ರೈವ್ ಮೊದಲನೆಯದನ್ನು ಆರಾಮವಾಗಿ ಓಡಿಸುತ್ತದೆ, ಉಳಿದೆರಡರ ಜೊತೆ ಪದೇ ಪದೇ ಟ್ರಿಪ್ ಆಗುತ್ತದೆ. ಹಾಗಾಗಿ ನೇಮ್‌ಪ್ಲೇಟಿನಲ್ಲಿ ಓದಬೇಕಾದದ್ದು ಆಂಪಿಯರ್. ರಿವೈಂಡಿಂಗ್ ಆದ ಹಳೇ ಮೋಟಾರಿನ ಪ್ಲೇಟು ಬಣ್ಣದಡಿ ಮುಚ್ಚಿಹೋಗಿದ್ದರೆ, ಅಥವಾ ಪ್ಲೇಟೇ ಇಲ್ಲದಿದ್ದರೆ, ಪೂರ್ತಿ ಲೋಡಿನಲ್ಲಿ ಓಡಿಸಿ ಟಾಂಗ್ ಟೆಸ್ಟರ್ ಹಾಕಿ ಅಳೆಯಿರಿ.

ಇನ್ನೊಂದು ನಂಬಿಕೆ ಅನುಭವಸ್ಥರದ್ದು: "ಸ್ಟಾರ್ಟ್ ಆಗುವಾಗ ಆರೇಳು ಪಟ್ಟು ಕರೆಂಟು ಬೇಕು, ಅದಕ್ಕೆ ಎರಡು ಸೈಜು ದೊಡ್ಡದೇ ಹಾಕಿ." ನೇರವಾಗಿ ಲೈನಿಗೆ ಕೊಟ್ಟಾಗ ಆರೇಳು ಪಟ್ಟು ಎಳೆಯುವುದು ನಿಜ. ಡ್ರೈವ್ ಮಾತ್ರ ಫ್ರೀಕ್ವೆನ್ಸಿಯನ್ನೂ ವೋಲ್ಟೇಜನ್ನೂ ಸೊನ್ನೆಯ ಹತ್ತಿರದಿಂದ ಮೆಲ್ಲಗೆ ಏರಿಸುವುದರಿಂದ ಆ ಹೊಡೆತ ಹುಟ್ಟುವುದೇ ಇಲ್ಲ. ಒಂದು ಸೈಜು ದೊಡ್ಡದು ಹಾಕಿದರೆ ಹಾನಿಯಿಲ್ಲ, ನಾಲ್ಕು ಕಾಸು ಹೆಚ್ಚು ಹೋಗುತ್ತದೆ, ಅಷ್ಟೇ. ತೀರಾ ದೊಡ್ಡದಾದರೆ ಸಣ್ಣ ಮೋಟಾರಿನ ಕರೆಂಟನ್ನು ಅದು ನಿಖರವಾಗಿ ಅಳೆಯಲಾರದು. ಓವರ್‌ಲೋಡ್ ರಕ್ಷಣೆಯೂ ಸಡಿಲವಾಗುತ್ತದೆ. ಡ್ರೈವ್ ಉಳಿದು ಮೋಟಾರು ಸುಡುವುದು ಹೀಗೆ.

ನಿಜವಾಗಿಯೂ ದೊಡ್ಡದು ಬೇಕಾಗುವುದು ಲೋಡಿನ ಸ್ವಭಾವದಿಂದ. ಒಂದೇ ಡ್ರೈವ್‌ನ ಪ್ಲೇಟಿನಲ್ಲಿ ಎರಡು ರೇಟಿಂಗ್ ಇರುವುದನ್ನು ನೋಡಿರಬಹುದು, ನಾರ್ಮಲ್ ಡ್ಯೂಟಿ ಮತ್ತು ಹೆವಿ ಡ್ಯೂಟಿ. ಸಾಮಾನ್ಯವಾಗಿ ಮೊದಲನೆಯದು ಒಂದು ನಿಮಿಷದ ಮಟ್ಟಿಗೆ ಶೇ. 110ರಷ್ಟು ಕರೆಂಟನ್ನು ತಡೆದುಕೊಳ್ಳುವ ಲೆಕ್ಕ, ಎರಡನೆಯದು ಶೇ. 150. ಫ್ಯಾನು, ಸೆಂಟ್ರಿಫ್ಯೂಗಲ್ ಪಂಪಿಗೆ ನಾರ್ಮಲ್ ಸಾಕು. ಕಲ್ಲು ಕ್ರಷರ್, ತುಂಬಿದ ಕನ್ವೇಯರ್, ಹಾಯ್ಸ್ಟ್ ಇವಕ್ಕೆ ಹೆವಿ ರೇಟಿಂಗನ್ನೇ ನೋಡಬೇಕು. ಅಂಗಡಿಯವರು ಹೇಳುವ ಅಗ್ಗದ ದರ ಹೆಚ್ಚಾಗಿ ನಾರ್ಮಲ್ ರೇಟಿಂಗಿನದು. ಕೇಳಿ ಖಚಿತಪಡಿಸಿಕೊಳ್ಳಿ.

ಸಿಂಗಲ್ ಫೇಸ್ ಕೊಟ್ಟರೂ ಡ್ರೈವ್ 415 ವೋಲ್ಟ್ ತ್ರೀ ಫೇಸ್ ಮಾಡಿಕೊಡುತ್ತದೆ ಎಂದು ನಂಬಿದವರೂ ಇದ್ದಾರೆ. ಫೇಸುಗಳನ್ನೇನೋ ಮೂರು ಮಾಡುತ್ತದೆ, ಆದರೆ ಸಾಮಾನ್ಯ ಡ್ರೈವ್ ತನಗೆ ಬಂದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೊಡಲಾರದು. 230 ಒಳಗೆ ಹೋದರೆ 230 ಹೊರಗೆ. ಪ್ಲೇಟಿನಲ್ಲಿ 230/415 ಎಂದಿರುವ ಸಣ್ಣ ಮೋಟಾರನ್ನು ಸ್ಟಾರ್‌ನಿಂದ ಡೆಲ್ಟಾಗೆ ಬದಲಿಸಿ ಓಡಿಸಬಹುದು. ಆಗ ಕರೆಂಟು 1.73 ಪಟ್ಟಾಗುತ್ತದೆ: ಒಂದು ಹೆಚ್‌ಪಿಗೆ 1.8 ಇದ್ದದ್ದು ಮೂರು ಆಂಪಿಯರ್ ದಾಟುತ್ತದೆ. ಡ್ರೈವ್ ಆರಿಸಬೇಕಾದ್ದು ಈ ದೊಡ್ಡ ಅಂಕಿಗೆ.

ಜಾಗದ ಲೆಕ್ಕವನ್ನು ಕೇಳುವವರೇ ಕಡಿಮೆ. ಡ್ರೈವ್‌ಗಳ ರೇಟಿಂಗ್ ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದವರೆಗೆ ಅನ್ವಯ. ಅದರಾಚೆ ಪ್ರತಿ 100 ಮೀಟರಿಗೆ ಶೇ. 1ರಷ್ಟು ಕಳೆಯಬೇಕು. ಮಡಿಕೇರಿಯ ಕಾಫಿ ಪಲ್ಪರ್‌ಗೆ ಇದು ಒಂದೆರಡು ಪರ್ಸೆಂಟಿನ ಮಾತು, ಚಿಂತೆಯಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆ ಹಾಗಲ್ಲ. ಹೊರಗೆ 42 ಡಿಗ್ರಿ ಇದ್ದರೆ ಮುಚ್ಚಿದ ತಗಡಿನ ಪ್ಯಾನೆಲ್‌ನೊಳಗೆ 50 ದಾಟುವುದು ಸುಲಭ, ಎಷ್ಟೋ ಡ್ರೈವ್‌ಗಳ ಪೂರ್ತಿ ರೇಟಿಂಗ್ 40 ಡಿಗ್ರಿಗೇ ಮುಗಿಯುತ್ತದೆ. ಅಲ್ಲಿ ಒಂದು ಸೈಜು ದೊಡ್ಡದು ಹಾಕುವುದು ದುಂದಲ್ಲ.

ಕೊನೆಗೆ, ಡ್ರೈವ್ ಹಾಕಿದರೆ ಕರೆಂಟ್ ಬಿಲ್ ಅರ್ಧವಾಗುತ್ತದೆ ಎಂಬ ಮಾತು. ಫ್ಯಾನಿನ ವೇಗ ಶೇ. 80ಕ್ಕೆ ಇಳಿದರೆ ಅದು ಬೇಡುವ ಶಕ್ತಿ ಶೇ. 51ಕ್ಕೆ ಇಳಿಯುತ್ತದೆ, ನಿಜ. ಬೋರ್‌ವೆಲ್‌ಗೆ ಈ ಲೆಕ್ಕ ಕೂಡುವುದಿಲ್ಲ. ವೇಗ 80ಕ್ಕೆ ಇಳಿದಾಗ ಪಂಪು ನೀರೆತ್ತುವ ಎತ್ತರ ಶೇ. 64ಕ್ಕೆ ಕುಸಿಯುತ್ತದೆ. ಆಳದ ಬೋರಾದರೆ ಮೋಟಾರು ತಿರುಗುತ್ತಲೇ ಇದ್ದು ಪೈಪಿನಲ್ಲಿ ನೀರೇ ಬಾರದೆ ಹೋಗಬಹುದು. ವರ್ಷವಿಡೀ ಪೂರ್ತಿ ವೇಗದಲ್ಲೇ ಓಡುವ ಪಂಪಿಗೆ ಯಾವ ಸೈಜಿನ ಡ್ರೈವೂ ಬೇಡ, ಒಳ್ಳೆಯ ಸ್ಟಾರ್ಟರ್ ಸಾಕು.