ಬಹುವಚನದ ಪರದೇಶಿ ಬಾಲ

ಭಾಲ್ಕಿ ತಾಲ್ಲೂಕಿನ ಮೆಹಕರದ ರೈತನೊಬ್ಬನು ಕಚೇರಿಯಿಂದ ಮರಳಿ "ಒಂದು ಅಹವಾಲು ಕೊಟ್ಟುಬಂದೆ" ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅರಬಿ ಬಲ್ಲವನಿಗೆ ಮಾತ್ರ ಅದು 'ಒಂದು ಸ್ಥಿತಿಗಳು' ಎಂದು ಕೇಳಿಸೀತು. 'ಅಹವಾಲ್' ಎಂಬುದು 'ಹಾಲ್' ಎಂಬುದರ ಬಹುವಚನವಷ್ಟೆ! 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಸೀಮೆಯಲ್ಲಿ ಉರ್ದುವೇ ಆಡಳಿತ ಭಾಷೆಯಾಗಿತ್ತು. ಇಂತಹ ಮಾತುಗಳಿಗೆ ಅಲ್ಲಿ ಬರವಿಲ್ಲ.

ಆಸಾಮಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅರಬಿಯಲ್ಲಿ 'ಇಸ್ಮ್' ಎಂದರೆ ಹೆಸರು. ಅದರ ಬಹುವಚನ 'ಅಸ್ಮಾ'. ಆ ಬಹುವಚನಕ್ಕೂ ಒಂದು ಬಹುವಚನವುಂಟು, 'ಅಸಾಮಿ'. ಹೀಗೆ ಎರಡು ಸಲ ಹೆಚ್ಚಿದ ಹೆಸರುಗಳ ಗುಂಪು ಕನ್ನಡಕ್ಕೆ ಬಂದು ಒಬ್ಬನೇ ಮನುಷ್ಯನಾಗಿ ನಿಂತಿತು. ಇಬ್ಬರಾದರೆ ನಾವು 'ಆಸಾಮಿಗಳು' ಎನ್ನಲೇಬೇಕು.

ಇಂಗ್ಲಿಷಿನದೂ ಇದೇ ಪಾಡು. ಲ್ಯಾಟಿನ್ನಿನಲ್ಲಿ ಬಹುವಚನವಾಗಿದ್ದ 'ಅಜೆಂಡಾ' ಅಲ್ಲಿ ಏಕವಚನವಾಗಿ ಹೋಯಿತು. 'ಡೇಟಾ' ಅದೇ ಹಾದಿ ಹಿಡಿದಿದೆ. 'ಆಕ್ಟೋಪಸ್' ಗ್ರೀಕ್ ಮೂಲದ್ದು. ಅದನ್ನು ಲ್ಯಾಟಿನ್ ಎಂದೇ ಭ್ರಮಿಸಿ 'ಆಕ್ಟೋಪೈ' ಎಂದ ಪಂಡಿತರುಂಟು. ಗ್ರೀಕಿನಂತೆ ನಡೆಯುವುದಾದರೆ 'ಆಕ್ಟಾಪೊಡೀಸ್' ಎನ್ನಬೇಕಿತ್ತು. ಬಳಕೆಯ 'ಆಕ್ಟೋಪಸಸ್' ಇವೆರಡಕ್ಕಿಂತಲೂ ಮೇಲು ಎಂದು ನಮ್ಮ ಎಣಿಕೆ.

ಆದರೂ ಹುಡುಗನು 'ಫಾರ್ಮುಲಾಸ್' ಎಂದು ಬರೆದರೆ ಕೆಂಪು ಶಾಯಿ ಬೀಳುವುದುಂಟು. 'ಫಾರ್ಮುಲೀ' ಒಂದೇ ಶುದ್ಧವಂತೆ. ಇಂಗ್ಲಿಷಿನ ನಿಘಂಟುಗಳು ಎರಡನ್ನೂ ಒಪ್ಪಿವೆ. ಹಾಗೆ ಅಂಕ ಕಳೆದ ಉಪಾಧ್ಯಾಯರೇ ಸಂಜೆ ಊರ ಜನರ 'ಅಹವಾಲುಗಳನ್ನು' ಬರೆದುಕೊಡುತ್ತಾರೆ. ಬಹುವಚನದ ಮೇಲೆ ಕೂತ ಆ 'ಗಳು' ಪ್ರತ್ಯಯಕ್ಕೆ ಕೆಂಪು ಗೆರೆ ಎಳೆದವರನ್ನು ನಾವು ಇದುವರೆಗೆ ಕಂಡಿಲ್ಲ.